ಫಾಲೋಫೀಲ್ಡಿನಲ್ಲಿ ಮೂವತ್ತೆರಡು ಡಿಗ್ರಿ

ನಾನು ಹಲ್ಲಿ ಸಾಕುತ್ತೇನೆ. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಮುಖ ಸಿಂಡರಿಸಿ ‘ಯಾಕೆ?’ ಎನ್ನುತ್ತಾರೆ. ನಾಯಿ ಸಾಕುವವರನ್ನು ಯಾರೂ ಹಾಗೆ ಕೇಳುವುದಿಲ್ಲ. ಮೊದಮೊದಲು ನಾನೂ ಏನಾದರೊಂದು ಕಾರಣ ಕೊಡುತ್ತಿದ್ದೆ. ಈಗ ಬಿಟ್ಟಿದ್ದೇನೆ. ನಡೆದದ್ದನ್ನು ಹೇಳುತ್ತೇನೆ, ಕೇಳುವವರು ಕೇಳಲಿ.

ಎರಡು ಸಾವಿರದ ಹದಿನೈದರ ಆಸುಪಾಸಿನಲ್ಲಿ ನಾನು ಸೂಕ್ಷ್ಮಜೀವಿಶಾಸ್ತ್ರ ಓದಲು ಕಲಬುರಗಿಯಿಂದ ಮ್ಯಾಂಚೆಸ್ಟರಿಗೆ ಹೋದೆ. ಫಾಲೋಫೀಲ್ಡಿನಲ್ಲಿ, ವಿಲ್ಮ್‌ಸ್ಲೋ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಬೀದಿಯ ಕೆಂಪು ಇಟ್ಟಿಗೆಯ ಸಾಲುಮನೆಯಲ್ಲಿ ಕೋಣೆ ಸಿಕ್ಕಿತು. ಮನೆಯಲ್ಲಿ ನಾಲ್ವರಿದ್ದೆವು. ನಾನು, ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಮಂಗಳೂರಿನ ಹುಡುಗ, ಲೀಡ್ಸಿನಿಂದ ಬಂದಿದ್ದ ಇಂಗ್ಲಿಷ್ ಹುಡುಗಿ, ಬರ್ಮಿಂಗ್‌ಹ್ಯಾಮಿನ ಇನ್ನೊಬ್ಬ ಹುಡುಗ. ನಾನು ಹೇಳಿದ ಹಲ್ಲಿ, ಆ ಗೆಕ್ಕೊ, ಮೊದಲು ಈ ಬರ್ಮಿಂಗ್‌ಹ್ಯಾಮಿನವನದಾಗಿತ್ತು.

ಲೆಪರ್ಡ್ ಗೆಕ್ಕೊ ಎಂದರೆ ಹಲ್ಲಿಯೇ, ಆದರೆ ನಮ್ಮ ಗೋಡೆಯ ಹಲ್ಲಿಯಲ್ಲ. ಗೇಣುದ್ದದ ಹಳದಿ ಮೈ, ಮೇಲೆಲ್ಲ ಚಿರತೆಯಂತೆ ಕಪ್ಪು ಚುಕ್ಕೆ, ಕೊಬ್ಬು ತುಂಬಿಕೊಂಡ ದಪ್ಪ ಬಾಲ. ಗೋಡೆ ಹತ್ತಲು ಬರುವುದಿಲ್ಲ, ಲೊಚಗುಟ್ಟುವುದಿಲ್ಲ. ಕಣ್ಣಿಗೆ ರೆಪ್ಪೆಯಿದೆ, ಆದ್ದರಿಂದ ನಿದ್ದೆ ಮಾಡುವಾಗ ಮನುಷ್ಯರಂತೆ ಕಣ್ಣು ಮುಚ್ಚುತ್ತದೆ. ಆಫ್ಘಾನಿಸ್ತಾನ, ಪಾಕಿಸ್ತಾನದ ಒಣ ಕಲ್ಲುನೆಲ ಅದರ ತವರು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಹೊಟ್ಟೆ ಊರಿ ಮಲಗಿದರೆ ಮಾತ್ರ ತಿಂದದ್ದು ಅದಕ್ಕೆ ಅರಗುತ್ತದೆ. ಇಂಗ್ಲೆಂಡಿನಲ್ಲಿ ಆ ಕಲ್ಲಿನ ಕಾವನ್ನು ನಾವು ಮಾಡಿಕೊಡಬೇಕು.

ಅಕ್ಟೋಬರಿನಲ್ಲಿ ಆ ಹುಡುಗ ಓದು ಬಿಟ್ಟು ಊರಿಗೆ ಹೊರಟ. ಅವನಪ್ಪ ಕಾರು ತಂದಿದ್ದರು. ಕಾರಿನಲ್ಲಿ ಗಿಟಾರಿಗೆ ಜಾಗವಿತ್ತು, ಟಿವಿಗೆ ಜಾಗವಿತ್ತು, ಗೆಕ್ಕೊವಿನ ಗಾಜಿನ ತೊಟ್ಟಿಗೆ ಇರಲಿಲ್ಲ.

“ಇದು ಯಾರಿಗಾದ್ರೂ ಬೇಕಾ?” ಎಂದು ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ. ಮಂಗಳೂರಿನವನು ಬೇಡವೆಂದು ಕೈಯಾಡಿಸಿದ. “ಹಾಗಾದ್ರೆ ಹೊರಗಡೆ ಇಟ್ಟು ಹೋಗ್ತೀನಿ, ಯಾರಾದ್ರೂ ತಗೊಂಡು ಹೋಗ್ತಾರೆ,” ಎಂದ.

ಹೊರಗೆ ಸಣ್ಣ ಮಳೆ ಹನಿಯುತ್ತಿತ್ತು. “ಹೊರಗೆ ಇಡಬೇಡ, ನನ್ನ ಕೋಣೆಯಲ್ಲಿಡು,” ಎಂದೆ. ಪ್ರೀತಿಯಿಂದ ಹೇಳಿದ್ದಲ್ಲ. ಒಂದು ಜೀವವನ್ನು ಹಳೆಯ ಕುರ್ಚಿಯಂತೆ ಬೀದಿಗಿಡುತ್ತೇನೆಂದು ಅವನು ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ಸಿಟ್ಟು ಬಂದಿತ್ತು, ಅಷ್ಟೇ.

ತೊಟ್ಟಿಯ ಜೊತೆ ಒಂದು ಹೀಟ್ ಮ್ಯಾಟ್ ಕೊಟ್ಟ. ಕರೆಂಟಿನಿಂದ ಕಾಯುವ ತೆಳ್ಳನೆಯ ಕಪ್ಪು ಹಾಳೆಯಂಥದು, ತೊಟ್ಟಿಯ ಒಂದು ಬದಿಗೆ ಅಡಿಯಲ್ಲಿ ಇಡುವಂಥದು. “ಪ್ಲಗ್ಗಿಗೆ ಹಾಕಿಟ್ರೆ ಸಾಕು, ಮತ್ತೇನೂ ಮಾಡೋದು ಬೇಡ,” ಎಂದ.

ಗೆಕ್ಕೊ ಆ ಬೆಚ್ಚನೆಯ ಬದಿಗೆ ಹೋಗುತ್ತಲೇ ಇರಲಿಲ್ಲ. ತಣ್ಣನೆಯ ಮೂಲೆಯಲ್ಲಿ ಗಾಜಿಗೆ ಒತ್ತಿಕೊಂಡು ಕೂತಿರುತ್ತಿತ್ತು, ಹಾಕಿದ ಹುಳ ಮುಟ್ಟುತ್ತಿರಲಿಲ್ಲ. ಒಂದು ಸಂಜೆ ಅಂಗೈ ಮೇಲೆ ಹತ್ತಿಸಿಕೊಂಡು ಕೆಳಗಿನಿಂದ ನೋಡಿದೆ. ಹೊಟ್ಟೆಯ ಚರ್ಮ ಒಂದು ಕಡೆ ಕಂದಾಗಿ, ಗಟ್ಟಿಯಾಗಿ, ಅಂಚಿನಲ್ಲಿ ಕೆಂಪಾಗಿತ್ತು. ಮ್ಯಾಟಿನ ಮೇಲಿದ್ದ ಗಾಜಿನ ಮೇಲೆ ಕೈಯಿಟ್ಟೆ. ಇಟ್ಟ ಕೈ ಇಡಲಾಗಲಿಲ್ಲ, ಎಳೆದುಕೊಂಡೆ.

ನನ್ನ ಹಗಲೆಲ್ಲ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದರಲ್ಲಿ ಕಳೆಯುತ್ತಿತ್ತು. ಅಲ್ಲಿ ಇನ್‌ಕ್ಯುಬೇಟರಿನ ಬಿಸಿ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಗೈಡ್ ಎಲ್ಲರನ್ನೂ ನಿಲ್ಲಿಸಿ ಕೇಳುತ್ತಿದ್ದರು. ಕಣ್ಣಿಗೆ ಕಾಣದ ಜೀವಕ್ಕೆ ಅಷ್ಟು ಕಾಳಜಿ, ಕಣ್ಣೆದುರು ರೆಪ್ಪೆ ಬಡಿಯುತ್ತಿರುವ ಜೀವಕ್ಕೆ ಪ್ಲಗ್ಗೊಂದೇ. ಮರುದಿನ ದೂರದಿಂದಲೇ ಬಿಸಿ ಅಳೆಯುವ ಪಿಸ್ತೂಲಿನಾಕಾರದ ಥರ್ಮಾಮೀಟರ್ ಒಂದನ್ನು ಕೊಂಡು ತಂದೆ. ಗಾಜಿನ ಮೇಲೆ ಹಿಡಿದರೆ ನಲವತ್ತೆಂಟು ಡಿಗ್ರಿ ತೋರಿಸಿತು. ತಣ್ಣನೆಯ ಮೂಲೆಯಲ್ಲಿ ಹದಿನೆಂಟು. ಸುಟ್ಟುಕೊಳ್ಳುವುದು, ಇಲ್ಲವೇ ನಡುಗುವುದು, ಇಷ್ಟೇ ಅದರ ಮುಂದಿದ್ದದ್ದು. ಪ್ಲಗ್ಗನ್ನು ಕಿತ್ತೆ.

ಸಣ್ಣ ಡಬ್ಬಿಗೆ ಟಿಶ್ಯೂ ಹಾಸಿ, ಗೆಕ್ಕೊವನ್ನು ಅದರಲ್ಲಿಟ್ಟು, ಡಬ್ಬಿಯನ್ನು ಜಾಕೆಟ್ಟಿನೊಳಗೆ ಹಿಡಿದು ಬಸ್ಸಿನಲ್ಲಿ ಪಶುವೈದ್ಯರ ಬಳಿ ಹೋದೆ. ಆಕೆ ಹಾವು, ಆಮೆ, ಓತಿಗಳನ್ನೆಲ್ಲ ನೋಡುವವರು. ಹೊಟ್ಟೆ ನೋಡಿದ ಕೂಡಲೇ, “ಅಡಿಯಿಂದ ಸುಟ್ಟಿದೆ. ಇಂಥದ್ದು ಇಲ್ಲಿಗೆ ಬರ್ತಾನೇ ಇರತ್ತೆ,” ಎಂದರು. ಕೆಳಗಿನಿಂದ ನಿಧಾನವಾಗಿ ಏರುವ ಬಿಸಿ ಈ ಜೀವಕ್ಕೆ ಬೇಗ ತಿಳಿಯುವುದಿಲ್ಲವಂತೆ. ತಿಳಿದು ದೂರ ಸರಿಯುವ ಹೊತ್ತಿಗೆ ಚರ್ಮ ಹೋಗಿರುತ್ತದೆ. ಹಚ್ಚಲು ಬಿಳಿಯ ಮುಲಾಮು ಕೊಟ್ಟರು. ಗಾಯ ಒಣಗುವವರೆಗೆ ಮರಳು ಬೇಡ, ಟಿಶ್ಯೂ ಹಾಸು ಎಂದರು. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಆ ಮ್ಯಾಟನ್ನು ಇನ್ನೊಮ್ಮೆ ಹಚ್ಚಕೂಡದು ಎಂದು ಬೆರಳೆತ್ತಿ ಹೇಳಿದರು.

ಅಲ್ಲಿಂದ ನೇರ ಸಾಕುಪ್ರಾಣಿಗಳ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದವನು, “ಮ್ಯಾಟಿಗೆ ಥರ್ಮೋಸ್ಟಾಟ್ ಬೇಕಾಗಲ್ಲ. ಅದು ಅಷ್ಟೊಂದು ಬಿಸಿ ಆಗಲ್ಲ,” ಎಂದ.

“ನಲವತ್ತೆಂಟು ಡಿಗ್ರಿ ಆಗಿದೆ.”

“ನಿಮ್ಮ ಥರ್ಮಾಮೀಟರ್ ಸರಿಯಿಲ್ಲದೆ ಇರಬಹುದು.”

ನಾನು ಡಬ್ಬಿಯ ಮುಚ್ಚಳ ತೆಗೆದು, ಗೆಕ್ಕೊವನ್ನು ಎತ್ತಿ, ಅದರ ಹೊಟ್ಟೆಯನ್ನು ಅವನಿಗೆ ತೋರಿಸಿದೆ. “ಇದೂ ಸರಿಯಿಲ್ಲವಾ?” ಎಂದೆ. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ತಿರುಗಿ ನೋಡಿದರು. ಅವನು ಹಿಂದಿನ ಕಪಾಟಿನಿಂದ ಥರ್ಮೋಸ್ಟಾಟ್ ತೆಗೆದುಕೊಟ್ಟ.

ಅದನ್ನು ಜೋಡಿಸುವುದೂ ಒಂದು ಕಲಿಕೆಯೇ ಆಯಿತು. ಮ್ಯಾಟಿನ ಪ್ಲಗ್ಗು ಥರ್ಮೋಸ್ಟಾಟಿಗೆ, ಥರ್ಮೋಸ್ಟಾಟಿನ ಪ್ಲಗ್ಗು ಗೋಡೆಗೆ. ಅದರಿಂದ ಹೊರಡುವ ತಂತಿಯ ತುದಿಯಲ್ಲಿ ಬಿಸಿಯನ್ನು ತಿಳಿಯುವ ಒಂದು ಸಣ್ಣ ಗುಂಡಿ. ಆ ಗುಂಡಿ ಇರುವ ಜಾಗ ಮೂವತ್ತೆರಡು ಡಿಗ್ರಿ ಮುಟ್ಟಿದರೆ ಮ್ಯಾಟ್ ತಾನೇ ಆರುತ್ತದೆ, ಇಳಿದರೆ ತಾನೇ ಹೊತ್ತಿಕೊಳ್ಳುತ್ತದೆ. ಕೇಳಲು ಸುಲಭ. ಆದರೆ ಗೆಕ್ಕೊ ಮೊದಲ ದಿನವೇ ಕೆದಕಿ ಕೆದಕಿ ಆ ಗುಂಡಿಯನ್ನು ತಣ್ಣನೆಯ ಬದಿಗೆ ಎಳೆದು ಹಾಕಿತು. ಗುಂಡಿಗೆ ತಣ್ಣಗಾದ ಕಾರಣ ಮ್ಯಾಟ್ ಆರದೆ ಉರಿಯತೊಡಗಿತು. ನಾನು ಅಲ್ಲೇ ಇದ್ದು ನೋಡಿದ್ದರಿಂದ ಅನಾಹುತವಾಗಲಿಲ್ಲ. ಟೇಪು ಅಂಟಿಸೋಣವೆಂದರೆ ಅದಕ್ಕೆ ಮೈ ಅಂಟಿದರೆ ಇದರ ತೆಳು ಚರ್ಮವೇ ಕಿತ್ತುಬರುತ್ತದೆ. ಕೊನೆಗೆ ಸ್ನಾನದಮನೆಗೆ ಹಾಕುವ ಒಂದು ಟೈಲನ್ನು ತಂದು, ಗುಂಡಿಯನ್ನು ಅದರ ಕೆಳಗೆ ಅದುಮಿ, ತಂತಿಯನ್ನು ಹೊರಗಿನಿಂದ ಬಿಗಿದೆ. ತೊಟ್ಟಿಯ ನಾಲ್ಕು ಮೂಲೆಗೂ ರಬ್ಬರ್ ತುಂಡಿಟ್ಟು ಸ್ವಲ್ಪ ಎತ್ತರಿಸಿದೆ, ಅಡಿಯಲ್ಲಿ ಬಿಸಿ ಕೂಡಿಕೊಳ್ಳದಿರಲಿ ಎಂದು. ಮ್ಯಾಟ್ ಅರ್ಧ ಭಾಗಕ್ಕಿಂತ ಕಡಿಮೆ ಜಾಗದಲ್ಲಿತ್ತು. ಉಳಿದ ಕಡೆ ತಂಪು ಇರಲೇಬೇಕು. ಎಲ್ಲಿ ಮಲಗಬೇಕೆಂದು ಗೆಕ್ಕೊ ನಿರ್ಧರಿಸಲಿ.

ಟೈಲಿನ ಮೇಲ್ಮೈ ಮೂವತ್ತೆರಡಕ್ಕೆ ಬಂದು ನಿಂತ ಮೇಲೂ ಅದು ಒಂದಷ್ಟು ದಿನ ಆ ಬದಿಗೆ ಹೋಗಲಿಲ್ಲ. ಸುಟ್ಟ ಜಾಗವನ್ನು ಯಾರು ನಂಬುತ್ತಾರೆ? ಆಮೇಲೊಂದು ಸಂಜೆ ನಾನು ಪ್ರಯೋಗಾಲಯದಿಂದ ಬಂದಾಗ ಟೈಲಿನ ಮೇಲೆ ಹೊಟ್ಟೆ ಊರಿ, ಕೈಕಾಲು ಚಾಚಿ, ಕಣ್ಣು ಮುಚ್ಚಿ ಮಲಗಿತ್ತು. ಕೋಟು ತೆಗೆಯದೆ ನೋಡುತ್ತಾ ನಿಂತುಬಿಟ್ಟೆ. ಆ ದಿನದಿಂದ ಅದು ನನ್ನದಾಯಿತು.

ಡಿಡ್ಸ್‌ಬರಿಯಲ್ಲಿ ನನ್ನ ಮೌಶಿ ಇದ್ದಳು. ಅವ್ವನ ಚಿಕ್ಕಪ್ಪನ ಮಗಳು, ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ಭಾನುವಾರ ಕರೆದು ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿ ಹಾಕುತ್ತಿದ್ದಳು. ಒಂದು ಭಾನುವಾರ ಊಟದ ನಡುವೆ ಗೆಕ್ಕೊವಿನ ಮಾತು ಹೇಳಿದೆ. ಮೌಶಿ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಹಲ್ಲಿ? ಮನ್ಯಾಗ? ಮೈಮ್ಯಾಲ ಬಿದ್ರ ತಲಿಮ್ಯಾಲ ನೀರ ಹಾಕ್ಕೊಳೋ ಮಂದಿ ನಾವು. ನೀ ನೋಡಿದ್ರ ಕೈಯಾಗ ಹಿಡ್ಕೊಂಡ ಆಡಸ್ತಿ?”

“ಅದು ಬೀಳಂಗಿಲ್ಲ ಮೌಶಿ. ಅದಕ್ಕ ಗ್ವಾಡಿ ಏರಾಕೇ ಬರಂಗಿಲ್ಲ.”

“ಜೋಕ್ ಮಾಡಬ್ಯಾಡ. ನಾಳಿ ನಿನಗ ಗಂಡ ನೋಡೋ ಹೊತ್ತಿಗಿ ಏನಂತ ಹೇಳ್ಬೇಕು? ಹುಡುಗಿ ಎಮ್ಮೆಸ್ಸಿ, ಹವ್ಯಾಸ ಹಲ್ಲಿ ಅಂತ?”

“ಹಂಗೇ ಹೇಳ್ರಿ,” ಎಂದೆ. “ಒಲ್ಲೆ ಅನ್ನಾಂವ ಮೊದಲೇ ಒಲ್ಲೆ ಅನ್ನಲಿ.”

ಮೌಶಿ ನಗಲಿಲ್ಲ. ಬಟ್ಟಲಿಗೆ ಮತ್ತೊಂದು ಸೌಟು ಪಲ್ಯ ಹಾಕಿದಳು.

ಡಿಸೆಂಬರಿನಲ್ಲಿ ಮನೆಯ ಬಾಯ್ಲರ್ ಕೆಟ್ಟಿತು. ಬಿಸಿನೀರಿಲ್ಲ, ರೇಡಿಯೇಟರುಗಳೆಲ್ಲ ತಣ್ಣಗೆ. ಮನೆಯನ್ನು ನೋಡಿಕೊಳ್ಳುವ ಏಜೆನ್ಸಿಯವರು ಭಾಗವೊಂದು ಬರಬೇಕು ಎಂದು ಹೇಳಿ, ಕೋಣೆಗೊಂದರಂತೆ ಗಾಳಿ ಊದುವ ವಿದ್ಯುತ್ ಹೀಟರುಗಳನ್ನು ತಂದುಕೊಟ್ಟರು. ಅಂದಿನಿಂದ ಮನೆಯ ಕರೆಂಟು ಹೊತ್ತುಗೊತ್ತಿಲ್ಲದೆ ಟ್ರಿಪ್ ಆಗತೊಡಗಿತು. ಮೆಟ್ಟಿಲ ಕೆಳಗಿನ ಫ್ಯೂಸ್ ಬಾಕ್ಸಿನ ಮುಂದೆ ಯಾರಾದರೂ ಮೊಬೈಲಿನ ಬೆಳಕು ಹಿಡಿದು ಬಗ್ಗಿಕೊಂಡೇ ಇರುತ್ತಿದ್ದರು.

ನನಗೆ ಭಯ ಹುಟ್ಟಿದ್ದು ಗೆಕ್ಕೊವಿನ ಬಗ್ಗೆ. ಕರೆಂಟು ಹೋದರೆ ಟೈಲು ನೋಡನೋಡುತ್ತಲೇ ತಣ್ಣಗಾಗುತ್ತಿತ್ತು. ಪ್ರಯೋಗಾಲಯಕ್ಕೆ ರಾಸಾಯನಿಕಗಳು ದಪ್ಪ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಒಂದನ್ನು ತೊಳೆದು ತಂದು, ಮುಚ್ಚಳಕ್ಕೆ ಗಾಳಿಯಾಡಲು ತೂತು ಮಾಡಿದೆ. ಕರೆಂಟು ಹೋದಾಗ ಗೆಕ್ಕೊವನ್ನು ಅದರೊಳಗಿಟ್ಟು, ಗ್ಯಾಸ್ ಒಲೆಯ ಮೇಲೆ ಕಾಯಿಸಿದ ನೀರು ತುಂಬಿದ ರಬ್ಬರ್ ಚೀಲವನ್ನು ಟವಲಿನಲ್ಲಿ ಸುತ್ತಿ ಒಂದು ಬದಿಗೆ ಇಡುತ್ತಿದ್ದೆ. ಕುದಿಯುವ ನೀರು ಎಂದೂ ಹಾಕುತ್ತಿರಲಿಲ್ಲ. ಇನ್ನೊಂದು ಬದಿ ಖಾಲಿ ಬಿಡುತ್ತಿದ್ದೆ, ಹೆಚ್ಚಾದರೆ ಸರಿದುಕೊಳ್ಳಲಿ ಎಂದು.

ಏಜೆನ್ಸಿಯ ಮನುಷ್ಯ ಒಂದು ಮಧ್ಯಾಹ್ನ ಕರೆಂಟಿನ ತೊಂದರೆ ನೋಡಲು ಬಂದ. ಕೋಣೆಕೋಣೆ ತಿರುಗಿ ನನ್ನ ಕೋಣೆಯಲ್ಲಿ ನಿಂತ.

“ಇದಕ್ಕೂ ಹೀಟರ್ ಇದೆಯಾ?”

“ಇದೆ.”

“ಹಾಗಾದ್ರೆ ಕರೆಂಟ್ ಯಾಕೆ ಹೋಗ್ತಿದೆ ಅಂತ ಗೊತ್ತಾಯ್ತು ಬಿಡಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. “ಇದನ್ನ ತೆಗೀರಿ, ಎಲ್ಲ ಸರಿಹೋಗತ್ತೆ.”

ಅವನು ಹೋದ ಮೇಲೆ ಮಂಗಳೂರಿನವನು ನನ್ನ ಬಾಗಿಲಿಗೆ ಬಂದು ನಿಂತ. ಮೈಮೇಲೆ ರಜಾಯಿ ಹೊದ್ದುಕೊಂಡಿದ್ದ.

“ನೀನೊಮ್ಮೆ ಅದನ್ನ ತೆಗೆದು ನೋಡು ಮಾರಾಯ್ತಿ. ನನ್ನ ಅಸೈನ್‌ಮೆಂಟ್ ಅರ್ಧಕ್ಕೇ ಹೋಯ್ತು. ಎಂತ, ಒಂದು ಹಲ್ಲಿಗೋಸ್ಕರ ನಾವೆಲ್ಲ ಕತ್ತಲೆಯಲ್ಲಿ ಕೂತ್ಕೊಳ್ಳುವುದಾ?”

ಅವನ ಹಿಂದೆ ಲೀಡ್ಸಿನ ಹುಡುಗಿಯೂ ನಿಂತಿದ್ದಳು. ಅವನ ಮಾತೇ ತನ್ನದೂ ಎಂಬುದು ಮುಖದಲ್ಲಿತ್ತು.

ನಾನು ಮ್ಯಾಟಿನ ಹಿಂಬದಿಯನ್ನು ಅವರಿಗೆ ತೋರಿಸಿದೆ. ಹದಿನಾಲ್ಕು ವ್ಯಾಟ್ ಎಂದು ಬರೆದಿತ್ತು. ಏಜೆನ್ಸಿಯ ಹೀಟರಿನ ಮೇಲೆ ಎರಡು ಸಾವಿರ. ಮಂಗಳೂರಿನವನು ಎರಡನ್ನೂ ನೋಡಿ, “ಅದೆಲ್ಲ ನಮಗೆ ಎಂತ ಗೊತ್ತು?” ಎಂದ.

“ಗೊತ್ತು ಮಾಡಿಕೊಡ್ತೀನಿ. ಮ್ಯಾಟ್ ತೆಗೀತೀನಿ. ಆದ್ರೆ ಎಲ್ಲರ ಮುಂದೆ ತೆಗೀತೀನಿ, ಆ ಏಜೆನ್ಸಿಯವನೂ ಇರಬೇಕು,” ಎಂದೆ.

ಏಜೆನ್ಸಿಗೆ ಫೋನು ಮಾಡಿ, ಹೀಟರ್ ತೆಗೆಯುತ್ತಿದ್ದೇನೆ, ಬಂದು ನೋಡಿ ಎಂದೆ. ಅವನು ಖುಷಿಯಿಂದಲೇ ಬಂದ. ನಾವು ಮೂವರೂ ಅವನೂ ಅಡುಗೆಮನೆಯಲ್ಲಿ ಸೇರಿದೆವು. ಗೆಕ್ಕೊವನ್ನು ಥರ್ಮೋಕೋಲ್ ಪೆಟ್ಟಿಗೆಗೆ ಸೇರಿಸಿ, ಮ್ಯಾಟನ್ನು ಕಿತ್ತು ತಂದು ಊಟದ ಮೇಜಿನ ಮೇಲೆ, ಅವನ ಮುಂದಿಟ್ಟೆ.

“ಇದೇ ಅಲ್ವಾ? ಕೈಯಲ್ಲಿ ಹಿಡ್ಕೊಳ್ಳಿ,” ಎಂದೆ. ಅವನು ಹಿಡಿದುಕೊಂಡ. “ಈಗ ಎಲ್ಲರೂ ನಿಮ್ಮ ನಿಮ್ಮ ಕೋಣೆಯ ಹೀಟರ್ ಹಾಕಿ ಬನ್ನಿ.” ಹಾಕಿ ಬಂದರು. ನನ್ನ ಕೋಣೆಯ ಹೀಟರನ್ನೂ, ಖಾಲಿಯಿದ್ದ ಬರ್ಮಿಂಗ್‌ಹ್ಯಾಮಿನವನ ಕೋಣೆಯದನ್ನೂ ನಾನು ಹಾಕಿದೆ. ಆಮೇಲೆ ಎಲ್ಲರಿಗೂ ಚಹಾ ಮಾಡುತ್ತೇನೆಂದು ಕೆಟಲ್ ಒತ್ತಿದೆ.

ನೀರು ಸದ್ದು ಮಾಡತೊಡಗಿತ್ತು. ಮೆಟ್ಟಿಲ ಕೆಳಗೆ ಟಕ್ ಎಂದಿತು. ದೀಪ ಆರಿತು, ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ನಿಂತಿತು. ಕಿಟಕಿಯಿಂದ ಬರುತ್ತಿದ್ದ ಮಂಕು ಬೆಳಕಿನಲ್ಲಿ ಅವನು ಮ್ಯಾಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಅದರ ಪ್ಲಗ್ಗು ಮೊಣಕಾಲಿನ ಹತ್ತಿರ ತೂಗಾಡುತ್ತಿತ್ತು.

ಮಂಗಳೂರಿನವನಿಗೆ ನಗು ತಡೆಯಲಾಗಲಿಲ್ಲ. “ಎಂಥಾ ಮಾರಾಯ್ತಿ ನೀನು!” ಎಂದ.

ಏಜೆನ್ಸಿಯವನು ಮ್ಯಾಟನ್ನು ಮೇಜಿನ ಮೇಲಿಟ್ಟ. “ಏನೇ ಆಗ್ಲಿ, ಈ ಮನೇಲಿ ಪ್ರಾಣಿ ಸಾಕೋ ಹಾಗಿಲ್ಲ. ಮೊದಲಿದ್ದವನಿಗೆ ಓನರ್ ಒಪ್ಪಿದ್ರು, ನಿಮಗಲ್ಲ. ಬೇಗ ಕಳಿಸಿ.”

“ಬಾಯ್ಲರ್ ಯಾವಾಗ ಸರಿಯಾಗತ್ತೆ?”

“ಪಾರ್ಟ್ ಬರಬೇಕು. ಹೇಳೋಕಾಗಲ್ಲ.”

“ಪಾರ್ಟ್ ಬರಬೇಕಾದ್ರೆ ಹೇಳೋಕಾಗಲ್ಲ, ಗೆಕ್ಕೊ ಹೋಗಬೇಕಾದ್ರೆ ಮಾತ್ರ ಬೇಗ. ಮೊದಲು ಬಾಯ್ಲರ್ ಸರಿಮಾಡಿ, ಆಮೇಲೆ ಇದರ ಮಾತಾಡೋಣ.”

ಅವನು ನಗುತ್ತಾ ಲೀಡ್ಸಿನ ಹುಡುಗಿಯ ಕಡೆ ತಿರುಗಿ, “ಬಿಸಿಲಿನ ದೇಶದವರಿಗೆ ಇಲ್ಲಿಯ ಚಳಿ ಸ್ವಲ್ಪ ಹೆಚ್ಚೇ ಅನ್ನಿಸತ್ತೆ,” ಎಂದ.

“ನಾನು ಲೀಡ್ಸಿನವಳು,” ಎಂದಳು ಅವಳು. “ನನ್ನ ಕಾಲ್ಬೆರಳು ಮರಗಟ್ಟಿವೆ.”

ಅಂದಿನಿಂದ ನಾವು ಮೂವರೂ ಒಂದೇ ಪಕ್ಷ. ಹೀಟರುಗಳನ್ನು ಸರದಿಯಂತೆ ಹಾಕುವುದು, ಕೆಟಲ್ ಒತ್ತುವ ಮುನ್ನ ಕೂಗಿ ಹೇಳುವುದು ರೂಢಿಯಾಯಿತು. ಟ್ರಿಪ್ ಆಗುವುದು ಕಡಿಮೆಯಾಯಿತು, ಚಳಿ ಕಡಿಮೆಯಾಗಲಿಲ್ಲ.

ಆ ವಾರದ ಕೊನೆಗೆ ಮೌಶಿ ಕಾರು ತೆಗೆದುಕೊಂಡು ಬಂದಳು. ನನ್ನ ಕೋಣೆಯಲ್ಲಿ ನಿಂತು ಕೋಟಿನ ಗುಂಡಿಯನ್ನು ಮೇಲಿನವರೆಗೆ ಹಾಕಿಕೊಂಡಳು.

“ಕೋಣಿ ಒಳಗ ಬಾಯಿಂದ ಹೊಗಿ ಬರ್ಲತ್ತದ. ಇದೇನ ಹುಚ್ಚಾಟ? ನಡಿ, ಬಟ್ಟಿ ತುಂಬ್ಕೋ. ಗೆಸ್ಟ್ ರೂಮ್ ಖಾಲಿ ಅದ, ಹೀಟಿಂಗ್ ಹಚ್ಚೇ ಬಂದೀನಿ.”

“ಅಕಿನ್ನೂ ಕರ್ಕೊಂಡ ಬರ್ತೀನಿ.”

“ಯಾಕಿನ್ನ?”

ನಾನು ಪೆಟ್ಟಿಗೆ ತೋರಿಸಿದೆ. ಆಗಷ್ಟೇ ಕರೆಂಟು ಹೋಗಿದ್ದರಿಂದ ಗೆಕ್ಕೊ ಅದರೊಳಗಿತ್ತು. ಮುಚ್ಚಳ ತೆಗೆದಿದ್ದೆ.

“ಹಲ್ಲಿನ್ನಾ? ದಿನಾ ಪೂಜಿ ಆಗೋ ಮನಿ ಅದು. ಆಗಂಗಿಲ್ಲ.”

“ಹಂಗಾದ್ರ ನಾನೂ ಬರಂಗಿಲ್ಲ ಮೌಶಿ.”

“ನಾಕ ದಿನ ಯಾರ್ಗರ ಕೊಟ್ಟ ಬಾ.”

“ಯಾರ್ಗಿ ಕೊಡ್ಲಿ? ಮೊದಲ ಇದ್ದಾಂವ ಹೊಟ್ಟಿ ಸುಟ್ಟಾನ. ಇನ್ನೊಬ್ಬರ ಕೈಗಿ ನಾ ಕೊಡಂಗಿಲ್ಲ.”

ಮೌಶಿ ಸಿಟ್ಟಿನಿಂದ ಪೆಟ್ಟಿಗೆಯ ಕಡೆ ಬಗ್ಗಿದಳು. ನಾನು ಸುತ್ತಿಟ್ಟಿದ್ದ ಬಿಸಿನೀರಿನ ಚೀಲ ಕಂಡಿತು. ಹಿಂಗೈಯನ್ನು ಟವಲಿಗೆ ತಾಗಿಸಿ ನೋಡಿದಳು.

“ಇದು ಭಾಳ ಬಿಸಿ ಅದ. ಇನ್ನೊಂದ ಟವಲ್ ಸುತ್ತು. ಸಣ್ಣ ಕೂಸುಗೊಳಿಗಿ ಹಿಂಗೇ ಸುಡ್ತದ, ವಾರ್ಡಿನ್ಯಾಗ ಎಷ್ಟ ನೋಡೀನಿ,” ಎಂದಳು. ಹೇಳಿದ ಮೇಲೆ ತಾನು ಯಾರ ಬಗ್ಗೆ ಮಾತಾಡುತ್ತಿದ್ದೇನೆಂದು ಅರಿವಾಗಿ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ನಾನು ಇನ್ನೊಂದು ಟವಲ್ ಸುತ್ತಿದೆ. ಅವಳು ಮತ್ತೆ ಮುಟ್ಟಿ ನೋಡಿ, ಇಳಿದು ಹೋದಳು. ಕಾರಿನ ಬಾಗಿಲು ಜೋರಾಗಿ ಬಡಿದ ಸದ್ದು ಮೇಲಿನವರೆಗೆ ಕೇಳಿಸಿತು.

ಮರುದಿನ ಅವ್ವನ ಫೋನು ಬಂತು.

“ಮೌಶಿಗಿ ಎದುರ ಮಾತಾಡ್ದಿ ಅಂತಲ್ಲ?”

“ಎದುರ ಮಾತಾಡಿಲ್ಲವ್ವ. ಬರಂಗಿಲ್ಲ ಅಂದೀನಿ.”

“ಆ ಹಲ್ಲಿ ಸಲುವಾಗಿ?”

“ಹೌದು.”

“ಏನ ತಿಂತದ ಅದು?”

“ಹುಳ.”

“ಹುಳಾನೂ ನೀನೇ ತರ್ತಿ?”

“ನಾನೇ ತರ್ತೀನಿ.”

“ಶಿವನೇ,” ಎಂದು ಅವ್ವ ಫೋನು ಇಟ್ಟಳು.

ಮೌಶಿ ಇವತ್ತಿಗೂ ಹಬ್ಬಕ್ಕೆ ಕರೆಯುತ್ತಾಳೆ, ನಾನು ಹೋಗುತ್ತೇನೆ. ಉಂಡು, ಪಾತ್ರೆ ತೊಳೆದುಕೊಟ್ಟು, ಸಂಜೆಯ ಗಾಡಿಗೆ ನಾನೀಗಿರುವ ಊರಿಗೆ ವಾಪಸು ಬರುತ್ತೇನೆ. ಹಲ್ಲಿ ತನ್ನ ಮನೆಗೆ ಬರಕೂಡದು ಎಂಬುದು ಅವಳ ಮಾತು, ಹಾಗಾದರೆ ನಾನು ಉಳಿಯುವುದಿಲ್ಲ ಎಂಬುದು ನನ್ನ ಮಾತು. ಇಬ್ಬರೂ ಬಿಟ್ಟುಕೊಟ್ಟಿಲ್ಲ.

ಬಾಯ್ಲರಿನ ವಿಷಯದಲ್ಲಿ ಲೀಡ್ಸಿನ ಹುಡುಗಿ ಕೌನ್ಸಿಲ್ಲಿಗೆ, ಅಂದರೆ ಅಲ್ಲಿಯ ನಗರಸಭೆಗೆ, ದೂರು ಕೊಡೋಣ ಎಂದಳು. ಮೂವರೂ ಸೇರಿ ಕೊಟ್ಟೆವು. ಮನೆಗಳನ್ನು ತಪಾಸಣೆ ಮಾಡುವ ಹೆಂಗಸೊಬ್ಬರು ಬಂದು ಕೋಣೆಕೋಣೆಯ ಬಿಸಿಯನ್ನು ಅಳೆದರು. ನನ್ನ ಕೋಣೆಯ ತೊಟ್ಟಿಯ ಮುಂದೆ ನಿಂತು, ಥರ್ಮೋಸ್ಟಾಟನ್ನೂ ತಂತಿಯನ್ನೂ ಬಗ್ಗಿ ನೋಡಿ, “ಈ ಮನೇಲಿ ಬಿಸಿ ಸರಿಯಾಗಿರೋದು ಇಲ್ಲಿ ಮಾತ್ರ,” ಎಂದರು. ಅವರು ಏಜೆನ್ಸಿಯವರ ಜೊತೆ ಏನು ಮಾತಾಡಿದರೋ ತಿಳಿಯದು. ಎಲ್ಲಿಯೂ ಸಿಗದಿದ್ದ ಆ ಭಾಗ ಥಟ್ಟನೆ ಸಿಕ್ಕಿತು, ಬಾಯ್ಲರ್ ಹೊತ್ತಿಕೊಂಡಿತು. ಆ ದಿನ ಮಂಗಳೂರಿನವನು ಮೂರು ಸಲ ಸ್ನಾನ ಮಾಡಿದ.

ಆದರೆ ಏಜೆನ್ಸಿಯವನು ಮರೆತಿರಲಿಲ್ಲ. ವಸಂತದಲ್ಲಿ ಮುಂದಿನ ವರ್ಷಕ್ಕೆ ಉಳಿಯುತ್ತೀರಾ ಎಂದು ಮಿಕ್ಕಿಬ್ಬರನ್ನು ಕೇಳಿದ, ನನ್ನನ್ನು ಕೇಳಲಿಲ್ಲ. ನಾನೇ ಫೋನು ಮಾಡಿದಾಗ, ಗೆಕ್ಕೊ ಇಲ್ಲದಿದ್ದರೆ ಯೋಚಿಸಬಹುದು ಎಂದ.

ಮಂಗಳೂರಿನವನು ಒಂದು ಉಪಾಯ ಹೇಳಿದ. “ನೀನು ಕೊಟ್ಟುಬಿಟ್ಟೆ ಅಂತ ಹೇಳು. ಅವನು ಬರುವಾಗ ತೊಟ್ಟಿ ನನ್ನ ಕಪಾಟಿನಲ್ಲಿ ಇಡುವ. ಅವನಿಗೆ ಎಂತ ಗೊತ್ತಾಗ್ತದೆ?”

ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರೆ ಬಿಸಿ ಎಷ್ಟು ಏರುತ್ತದೋ ಯಾರಿಗೆ ಗೊತ್ತು. ಅದು ಒಂದು ಕಾರಣ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. “ನಾನೇನು ಕಳ್ಳತನ ಮಾಡಿಲ್ಲ, ಬಚ್ಚಿಡೋಕೆ,” ಎಂದೆ. “ಇದನ್ನ ಬೇಡ ಅನ್ನೋ ಮನೆ ನನಗೂ ಬೇಡ.”

“ಚಳಿಗಾಲದಲ್ಲಿ ನೀನಿಲ್ಲದೆ ನಾವು ಜಗಳ ಮಾಡುವುದು ಹೇಗೆ?” ಎಂದು ಅವನು ಬೇಸರದಿಂದಲೇ ಕೇಳಿದ.

ಓದು ಮುಗಿದು ಲೀಡ್ಸಿನ ಒಂದು ಪರೀಕ್ಷಾಲಯದಲ್ಲಿ ಕೆಲಸ ಸಿಕ್ಕಿತು. ಕೋಣೆ ಹುಡುಕಲು ಹೋದಾಗ ಬಾಗಿಲಲ್ಲೇ ಹೇಳುತ್ತಿದ್ದೆ. ನನ್ನ ಹತ್ತಿರ ಹಲ್ಲಿ ಇದೆ, ಅದಕ್ಕೆ ಹೀಟರ್ ಇದೆ, ಆ ಹೀಟರಿನ ಪ್ಲಗ್ಗನ್ನು ನಾನಿಲ್ಲದಾಗಲೂ ಯಾರೂ ಕೀಳುವಂತಿಲ್ಲ, ಆಗದಿದ್ದರೆ ಈಗಲೇ ಹೇಳಿ. ಒಬ್ಬ ಮಾಲೀಕ ಬಾಗಿಲು ಹಾಕಿಯೇಬಿಟ್ಟ. ಇನ್ನೊಬ್ಬಾಕೆ, ಹಲ್ಲಿ ಇರಲಿ, ಆದರೆ ಕೆಲಸಕ್ಕೆ ಹೋಗುವಾಗ ಹೀಟರ್ ಆರಿಸಿ ಹೋಗಬೇಕು ಎಂದರು. ಕೋಣೆ ಚೆಂದವಿತ್ತು, ಕಿಟಕಿಯಿಂದ ಮರ ಕಾಣುತ್ತಿತ್ತು, ಬಸ್ಸು ಹತ್ತಿರ. ಧನ್ಯವಾದ ಹೇಳಿ ಇಳಿದು ಬಂದೆ.

ಊರಂಚಿನ ಒಂದು ಮನೆಯಲ್ಲಿ ಬಿಳಿಗೂದಲಿನ ಮುದುಕಿ ಬಾಗಿಲು ತೆರೆದರು. ನನ್ನ ಮಾತನ್ನು ಪೂರ್ತಿ ಕೇಳಿದರು.

“ಕೂಗತ್ತಾ?”

“ಇಲ್ಲ.”

“ಹೀಟರಿಂದ ಬೆಂಕಿ ಹತ್ತಲ್ವಾ?”

ನಾನು ಥರ್ಮೋಸ್ಟಾಟ್ ಎಂದರೇನು, ಗುಂಡಿ ಎಲ್ಲಿರುತ್ತದೆ, ಟೈಲು ಎಷ್ಟು ಬಿಸಿಯಾಗಿ ನಿಲ್ಲುತ್ತದೆ ಎಂದೆಲ್ಲ ಹೇಳಿದೆ. “ನಿಮಗೆ ಸಂಶಯ ಬಂದ್ರೆ ಯಾವಾಗ ಬೇಕಾದ್ರೂ ಬಂದು ಕೈಯಿಟ್ಟು ನೋಡಿ. ಆದ್ರೆ ಆ ಗುಂಡಿಯನ್ನ ಮಾತ್ರ ಅಲ್ಲಾಡಿಸಬೇಡಿ,” ಎಂದೆ.

“ನಿಮಗಿಂತ ಮೊದಲು ಇದ್ದವನು ಡ್ರಮ್ ಬಾರಿಸ್ತಿದ್ದ,” ಎಂದು ಮುದುಕಿ ಒಳಗೆ ಕರೆದರು.

ಜುಲೈ ತಿಂಗಳ ಸೆಕೆಯ ದಿನವೊಂದರಲ್ಲಿ ರೈಲು ಹತ್ತಿದೆ. ಗೆಕ್ಕೊವಿನ ಡಬ್ಬಿ ಮಡಿಲಲ್ಲಿ, ಥರ್ಮಾಮೀಟರ್ ಕೈಚೀಲದಲ್ಲಿ. ಬೋಗಿಯ ಬಿಸಿಲು ಬೀಳುವ ಬದಿಯಿಂದ ಎದ್ದು ನೆರಳಿನ ಬದಿಗೆ ಕೂತೆ, ದಾರಿ ತಿರುಗಿ ಬಿಸಿಲು ಅಲ್ಲಿಗೂ ಬಂದಾಗ ಮತ್ತೆ ಎದ್ದೆ. ಎದುರಿನ ಸೀಟಿನವರು ಡಬ್ಬಿಯಲ್ಲಿ ಏನೆಂದು ಕೇಳಿದರು. ಹೇಳಿದೆ. ಅವರು ಎದ್ದು ಬೇರೆ ಬೋಗಿಗೆ ಹೋದರು. ಕಾಲು ಚಾಚಲು ಜಾಗವಾಯಿತು.

ಹೊಸ ಕೋಣೆಯಲ್ಲಿ ಹಾಸಿಗೆ ಬಿಚ್ಚುವ ಮೊದಲು ತೊಟ್ಟಿ ಜೋಡಿಸಿದೆ. ಮ್ಯಾಟ್, ಗುಂಡಿ, ಟೈಲು, ನಾಲ್ಕು ಮೂಲೆಗೆ ರಬ್ಬರು. ಮುದುಕಿ ಬಾಗಿಲಲ್ಲಿ ಬಂದು, “ಎಲ್ಲಿ, ನೋಡೋಣ,” ಎಂದರು.

“ಬಿಸಿ ಇನ್ನೂ ಮೂವತ್ತೆರಡಕ್ಕೆ ಬಂದು ನಿಂತಿಲ್ಲ. ನಿಂತ ಮೇಲೆ ಬಿಡ್ತೀನಿ,” ಎಂದೆ.

ಅವರು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ನಾನೂ ನೆಲದ ಮೇಲೆ ಕೂತು, ಆಗಾಗ ಥರ್ಮಾಮೀಟರ್ ಹಿಡಿದು ಸಂಖ್ಯೆ ಏರುವುದನ್ನು ಓದಿ ಹೇಳುತ್ತಿದ್ದೆ. ಇಪ್ಪತ್ತೇಳು. ಇಪ್ಪತ್ತೊಂಬತ್ತು. ಅವರು ಪ್ರತಿಸಲವೂ ತಲೆಯಾಡಿಸುತ್ತಿದ್ದರು.